ಕಿವಿಯ ಹಿಂದಿನ ಸಾಲು

ಟೀವಿಯಲ್ಲಿ ಆ ಆರು ನಿಮಿಷ ಮುಗಿದಾಗ ಮನೆಯಲ್ಲಿ ಮೊದಲು ಬಾಯಿಬಿಟ್ಟವಳು ಅರ್ಲೀನ್.

"ಕಿಟಕಿ ಪರದೆ ಒಗೆದಿರಲಿಲ್ಲ," ಎಂದಳು. "ನನ್ನ ಅಡುಗೆಮನೆ ಜಿಡ್ಡನ್ನ ಇಡೀ ಅಲಬಾಮಾ ನೋಡ್ತು."

ಎಪ್ಪತ್ತೆಂಟು ದಾಟಿದ ಹೆಂಗಸು. ಸೆಲ್ಮಾ ಊರಿನ ಅವರ ಚರ್ಚಿನಲ್ಲಿ ಹಿರಿಯ ತಾಯಂದಿರ ಮಂಡಳಿಗೆ ಹದಿನೈದು ವರ್ಷದಿಂದ ಅವಳೇ ಅಧ್ಯಕ್ಷೆ. ಭಾನುವಾರ ಬಿಳಿ ಉಡುಪು ತೊಟ್ಟು ಮೊದಲ ಬೆಂಚಿನಲ್ಲಿ ಕೂತಳೆಂದರೆ, ಪ್ರವಚನವನ್ನು ಎಳೆಯಬೇಕೋ ಮುಗಿಸಬೇಕೋ ಎಂಬುದನ್ನು ಪಾದ್ರಿ ಅವಳ ಮುಖ ನೋಡಿ ತೀರ್ಮಾನಿಸುತ್ತಿದ್ದ.

"ನನ್ನ ಬೆನ್ನು ಚೆನ್ನಾಗಿ ಬಂದಿದೆ," ಎಂದ ಅವಳ ಮಗ ಕ್ಲೀವನ್. ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಮಂಡಿ ಹಾಳು ಮಾಡಿಕೊಂಡು, ತಾಯಿಯ ಮನೆಯ ಹಿಂದಿನ ಕೋಣೆ ಸೇರಿದವನು. "ಫ್ರಿಜ್ ಬಾಗಿಲು ತೆಗೀತಿರೋ ಬೆನ್ನು. ಈ ವಯಸ್ಸಿಗೆ ಹೀರೋ ಆದೆ ನೋಡು."

ಯಾರೂ ನಗಲಿಲ್ಲ. ಅರ್ಲೀನ್‌ಳ ಮಗಳು ವರ್ನೀಟಾ ತನ್ನ ಮಗಳ ಕಡೆ ನೋಡಿದಳು. ಕೆಜಾಯಾ ಸೋಫಾದ ತುದಿಯಲ್ಲಿ ಮಂಡಿ ಮಡಚಿ ಕೂತು ಉಗುರು ಕಚ್ಚುತ್ತಿದ್ದಳು. ಇಪ್ಪತ್ತೇಳು ವರ್ಷದವಳು, ಆಸ್ಪತ್ರೆಯಲ್ಲಿ ದಿನವಿಡೀ ಜನರ ರಕ್ತ ತೆಗೆಯುವ ಕೆಲಸ. ಎಂಥ ಹೆದರುಪುಕ್ಕಲರನ್ನೂ ಮಾತಾಡಿಸಿ ನಗಿಸಿ ಸೂಜಿ ಚುಚ್ಚಿ ಮುಗಿಸುವವಳು ಈಗ ಮಾತು ಹುಡುಕುತ್ತಿದ್ದಳು.

"ಕತ್ತರಿಸಿಬಿಟ್ಟಿದ್ದಾರಮ್ಮ," ಎಂದಳು. "ನಾಲ್ಕು ಗಂಟೆ ಮಾತಾಡಿದ್ದೆ. ಅತ್ತಿದ್ದಷ್ಟನ್ನೇ ಇಟ್ಕೊಂಡಿದ್ದಾರೆ."

ಅಮೆರಿಕದ ದಕ್ಷಿಣದ ಸಣ್ಣ ಊರುಗಳಲ್ಲಿ ಹೆಂಗಸರನ್ನೇ ಪ್ರೀತಿಸುವ ಕಪ್ಪು ಹೆಂಗಸರ ಬಗ್ಗೆ ಒಂದು ಕಾರ್ಯಕ್ರಮ ಅದು. ಅದನ್ನು ಚಿತ್ರೀಕರಿಸಲು ಬಂದಿದ್ದ ಇಬ್ಬರೂ ಕಪ್ಪು ಹುಡುಗಿಯರೇ, ಅಟ್ಲಾಂಟಾದವರು. ಊಟಕ್ಕೆ ಕೂತಾಗ ಕೈಮುಗಿದು ಪ್ರಾರ್ಥನೆ ಹೇಳಿದ್ದರಿಂದ ಅರ್ಲೀನ್‌ಗೆ ಅವರ ಮೇಲೆ ನಂಬಿಕೆಯೂ ಬಂದಿತ್ತು. ಕಾರ್ಯಕ್ರಮ ಯಾವುದರ ಬಗ್ಗೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. "ಮಗು ಏನೋ ಟೀವಿಯವರ ಹತ್ರ ಮಾತಾಡ್ತಾಳಂತೆ," ಎಂದು ಹೇಳಿ ಸೊಪ್ಪು ಬಿಡಿಸುತ್ತ ಕೂತಿದ್ದಳು.

ಒಪ್ಪಿಗೆ ಕೇಳಲು ಬಂದಾಗ ಕೆಜಾಯಾ ತಾಯಿಗೆ ಎಲ್ಲವನ್ನೂ ಹೇಳಿದ್ದಳು. "ನಾನು ಹನ್ನೆರಡು ವರ್ಷದವಳಿದ್ದಾಗ ಟೀವಿಯಲ್ಲಿ ನನ್ನಂಥವಳು ಒಬ್ಳಿದ್ಲಾ ಹೇಳು. ಇದ್ರೂ ಯಾವಳೋ ಬಿಳಿ ಹುಡುಗಿಗೆ ತಮಾಷೆ ಮಾಡೋ ಗೆಳತಿ. ಇಲ್ಲಾ ಅರ್ಧದಲ್ಲೇ ಸಾಯೋಳು. ಕೆಲಸಕ್ಕೆ ಹೋಗಿ ಬಂದು ಅಜ್ಜಿ ಜೊತೆ ಬೀನ್ಸ್ ಸುಲಿಯೋ ಒಬ್ಳನ್ನ ತೋರ್ಸಿದ್ರೆ ಸಾಕಿತ್ತು ಆಗ ನಂಗೆ."

"ಲವಾಂಡಾನೂ ಬರ್ತಾಳಾ?" ಎಂದು ವರ್ನೀಟಾ ಕೇಳಿದ್ದಳು.

"ಅವಳಿಗೆ ಭಯ. ಅವಳಪ್ಪ ಚರ್ಚಿನ ಹಿರಿಯ. ಇಂದಿಗೂ ಮನೇಲಿ ಹೇಳಿಲ್ಲ ಅವಳು."

ಲವಾಂಡಾ ಜಡೆ ಹೆಣೆಯುವವಳು. ಬ್ರಾಡ್ ಸ್ಟ್ರೀಟಿನಲ್ಲಿ ಮಿಸ್ ಓಪಲ್ ನಡೆಸುವ ಸಲೂನಿನಲ್ಲಿ ಒಂದು ಕುರ್ಚಿಯನ್ನು ಬಾಡಿಗೆಗೆ ಹಿಡಿದಿದ್ದಳು. ಊರಿನ ಅರ್ಧ ಮಕ್ಕಳ ತಲೆ ಅವಳ ಕೈಯಲ್ಲೇ ಆಗಬೇಕು. ಎರಡು ವಾರಕ್ಕೊಂದು ಶನಿವಾರ ಸಲೂನಿನ ಬೆಳಗಿನ ಕೆಲಸ ಮುಗಿಸಿ ಈ ಮನೆಗೆ ಬಂದು ಅರ್ಲೀನ್‌ಳ ಬಿಳಿ ಕೂದಲನ್ನು ಸಾಲುಸಾಲಾಗಿ ಹೆಣೆದು, ಊಟ ಮಾಡಿ, ಪಾತ್ರೆ ತೊಳೆದು, ರಾತ್ರಿಗೂ ಒಂದಷ್ಟು ಕಟ್ಟಿಸಿಕೊಂಡು ಹೋಗುತ್ತಿದ್ದಳು. ಎರಡು ವರ್ಷದಿಂದ ಹಾಗೇ ನಡೆದಿತ್ತು. ಅವಳು ಕೆಜಾಯಾಗೆ ಏನಾಗಬೇಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವಳು ಬರುವ ಶನಿವಾರ ಅರ್ಲೀನ್ ಹಂದಿಯ ಕತ್ತಿನ ಮೂಳೆಯ ಸಾರು ಮಾಡುತ್ತಿದ್ದಳು. ಮೊಮ್ಮಗಳಿಗೆ ಅದು ಸೇರದು, ಲವಾಂಡಾಗೆ ಪ್ರಾಣ. ಆದರೆ ಕರೆಯುತ್ತಿದ್ದುದು ಮಾತ್ರ "ಆ ತಲೆ ಬಾಚೋ ಹುಡುಗಿ" ಎಂದು.

ಉಪಾಯ ಹೇಳಿಕೊಟ್ಟವಳು ವರ್ನೀಟಾ. ಅದನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡಳೋ ಲೆಕ್ಕವಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಮಾಡಿಹಾಕುವ ಹೆಂಗಸು. ಇರುವುದರಲ್ಲೇ ಹೊಂದಿಸುವುದು ಅವಳ ಅಭ್ಯಾಸ. "ಮುಖ ಬೇಡ ಅಂತ ಹೇಳು," ಎಂದಿದ್ದಳು ಮಗಳಿಗೆ. "ನಿನ್ನ ಜಡೆ ಹಾಕ್ತಿರೋ ಕೈ ಮಾತ್ರ ತೋರಿಸ್ಲಿ. ಕೈ ನೋಡಿ ಯಾರಿಗೇನು ಗೊತ್ತಾಗುತ್ತೆ?"

ಲವಾಂಡಾ ಅದಕ್ಕೆ ಒಪ್ಪಿದಳು. ಟೀವಿಯಲ್ಲಿ ಅವಳ ಮುಖ ಒಂದು ಕ್ಷಣವೂ ಬರಲಿಲ್ಲ. ಬಂದದ್ದು ಎರಡು ಕೈ, ಒಂದು ಬಾಚಣಿಗೆ, ಕೆಜಾಯಾಳ ತಲೆಯ ಹಿಂಭಾಗ. ಬೆರಳುಗಳು ಬೈತಲೆ ತೆಗೆಯುತ್ತ ಸಾಗಿ, ಎಡಗಿವಿಯ ಹಿಂದೆ ಕೊನೆಯ ಸಾಲನ್ನು ಕೆಳಗಿಳಿಸದೆ ಒಳಕ್ಕೆ ತಿರುವಿ ಮೇಲಕ್ಕೆ ಹೆಣೆದವು. ಆ ಕೈಗಳ ಮೇಲೆ ಕೆಜಾಯಾಳ ಧ್ವನಿ ಕೇಳುತ್ತಿತ್ತು. "ನಮ್ಮ ಮನೇಲಿ ನಮ್ಮನ್ನ ಪ್ರೀತಿಸ್ತಾರೆ. ಆದ್ರೆ ಹೆಸರಿಡಲ್ಲ. ಎರಡು ವರ್ಷ ಆಯ್ತು, ನನ್ನ ಅಜ್ಜಿ ಅವಳನ್ನ ತಲೆ ಬಾಚೋ ಹುಡುಗಿ ಅಂತಾಳೆ." ಆಮೇಲೆ ಅಳು. ಕತ್ತಿನ ಮೂಳೆಯ ಸಾರಿನ ಬಗ್ಗೆ ಅವಳು ನಗುತ್ತ ಹೇಳಿದ್ದೆಲ್ಲ ಎಲ್ಲಿಯೋ ಬಿದ್ದುಹೋಗಿತ್ತು.

ಅರ್ಲೀನ್ ಎದ್ದು ಟೀವಿ ಆರಿಸಿದಳು. "ನಾನು ರಾಕ್ಷಸಿ ಅಂತ ಹೇಳೋಕೆ ಆರು ನಿಮಿಷ ಬೇಕಾಗಿತ್ತಾ? ಒಂದು ನಿಮಿಷ ಸಾಕಾಗಿತ್ತು."

"ಅಜ್ಜಿ, ನಾನು ಹೇಳಿದ್ದು ಹಾಗಲ್ಲ—"

"ನೀನು ಹೇಳಿದ್ದನ್ನ ನನ್ನ ಕಿವಿಯಾರೆ ಕೇಳ್ದೆ. ಮನೆ ಮಾತು ಮನೇಲಿರ್ಬೇಕು ಅಂತ ನಿನಗೆ ಯಾರೂ ಕಲಿಸ್ಲಿಲ್ವಾ?"

"ಮನೇಲೇ ಇಟ್ಟಿದ್ವಲ್ಲ ಅಜ್ಜಿ, ಎರಡು ವರ್ಷ. ಮನೇಲಿ ಅದು ಮಾತೇ ಆಗಲಿಲ್ಲ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಚರ್ಚಿನ ಜೊತೆಗಾತಿ ಥಿಯೊಡೋಸಿಯಾ. ಅರ್ಲೀನ್ ಬರೀ ಕೇಳಿಸಿಕೊಂಡಳು. ಇಟ್ಟ ಮೇಲೆ ವರ್ನೀಟಾ ಕಡೆ ತಿರುಗಿದಳು.

"ಕೈ ಯಾರದ್ದು ಅಂತ ಗೊತ್ತಾಗಿದೆ ಅವಳಿಗೆ."

"ಹೇಗೆ ಗೊತ್ತಾಗುತ್ತಮ್ಮ?"

"ಹೇಗೆ ಅಂತೀಯಾ? ಪ್ರತಿ ಭಾನುವಾರ ಚರ್ಚಲ್ಲಿ ಎರಡು ಗಂಟೆ ಅವಳು ಮೊಮ್ಮಕ್ಕಳ ತಲೆ ಹಿಂದೆ ಕೂತಿರ್ತಾಳೆ. ಕಿವಿಯ ಹಿಂದೆ ಆ ಸಾಲು ತಿರುವೋಳು ಈ ಕೌಂಟಿಲಿ ಇನ್ನ್ಯಾರಿದಾರೆ?"

ಹೌದು, ಲವಾಂಡಾ ಎಡಚಿ. ಕೊನೆಯ ಸಾಲನ್ನು ಅವಳು ಎಲ್ಲರ ಹಾಗೆ ಮುಗಿಸಲಾರಳು. ಬೆಂಚುಗಳಲ್ಲಿ ಮುಂದೆ ಕೂತ ಪುಟ್ಟ ಹುಡುಗಿಯರ ತಲೆಗಳಲ್ಲಿ ಆ ತಿರುವನ್ನು ವರ್ನೀಟಾ ತಾನೂ ನೂರು ಸಲ ನೋಡಿದ್ದಳು. ಮುಖ ಮುಚ್ಚುವ ಆತುರದಲ್ಲಿ ಅದು ಹೊಳೆದೇ ಇರಲಿಲ್ಲ.

*

ಊರಿನಲ್ಲಿ ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ತಿರುಗಿ ಅನ್ನಬಹುದಿತ್ತು. ಮೊದಲ ವಾರ ಸಲೂನಿಗೆ ಮೂರು ಫೋನು ಬಂದವು. ಒಬ್ಬರ ಮಗುವಿಗೆ ನೆಗಡಿ. ಇನ್ನೊಬ್ಬರ ಮಗುವಿನ ಕೂದಲು ಸ್ವಲ್ಪ ದಿನ ಹಾಗೇ ಬಿಟ್ಟಿರಲಿ ಅಂತ. ಮತ್ತೊಬ್ಬರ ಅತ್ತಿಗೆಯೇ ಜಡೆ ಹಾಕಲು ಕಲಿತಿದ್ದಾಳಂತೆ. ಎರಡನೇ ವಾರ ಫೋನೂ ಬರಲಿಲ್ಲ, ಮಕ್ಕಳೂ ಬರಲಿಲ್ಲ.

ಆ ಶನಿವಾರ ಲವಾಂಡಾ ಎಂದಿನಂತೆ ಬಂದಳು, ಬಾಚಣಿಗೆಗಳ ಚೀಲ ಹೆಗಲಿಗೆ ಹಾಕಿಕೊಂಡು. ಉದ್ದನೆಯ ತೆಳ್ಳಗಿನ ಹುಡುಗಿ. ಬಾಗಿಲಲ್ಲೇ ಕೂಗಿದಳು, "ಅಜ್ಜಿ, ತಲೆ ತೊಳ್ಕೊಂಡ್ರಾ?"

ಅರ್ಲೀನ್ ಬಾಗಿಲಿಗೆ ಹೋದಳು. ಜಾಲರಿ ಬಾಗಿಲಿನ ಚಿಲಕ ತೆಗೆಯಲಿಲ್ಲ. "ಇವತ್ತು ಬೇಡ ಮಗೂ. ತಲೆನೋವು."

ರಸ್ತೆಯ ಆಚೆ ಬದಿಯ ಮನೆಯ ಮುಂದೆ ಥಿಯೊಡೋಸಿಯಾಳ ಕಾರು ನಿಂತಿತ್ತು. ಲವಾಂಡಾ ತಿರುಗಿ ಅದನ್ನೊಮ್ಮೆ ನೋಡಿದಳು. "ಸರಿ ಅಜ್ಜಿ, ಮಲಗಿ ಸ್ವಲ್ಪ," ಎಂದು ಮೆಟ್ಟಿಲಿಳಿದಳು.

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬೆಳಗ್ಗೆಯೇ ಇಟ್ಟಿದ್ದಳು ಅರ್ಲೀನ್. ಮಧ್ಯಾಹ್ನ ಎಲ್ಲರ ತಟ್ಟೆಗೂ ಬಡಿಸಿದಳು. ಕೆಜಾಯಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ತಲೆನೋವು ಹೇಗಿದೆ ಅಜ್ಜಿ?"

"ಊಟ ಮಾಡು."

"ಯಾವಾಗ ಬಂತು ನೋವು? ಥಿಯೊಡೋಸಿಯಾ ಕಾರು ಬಂದ ಮೇಲಾ, ಬರೋಕೆ ಮುಂಚೆನಾ?"

"ಕೆಜಾಯಾ," ಎಂದಳು ವರ್ನೀಟಾ.

"ಬಿಡೇ, ಮಾತಾಡ್ಲಿ ಅವಳು. ಟೀವಿಯಲ್ಲಿ ಮಾತಾಡಿ ಅಭ್ಯಾಸ ಆಗಿದೆ," ಎಂದಳು ಅರ್ಲೀನ್. "ನಿನಗೆ ಆಸ್ಪತ್ರೆ ಕೆಲಸ. ನಾಳೆನೂ ಅವರಿಗೆ ರಕ್ತ ತೆಗೆಯೋಳು ಬೇಕು. ನಾನು ಈ ಊರಲ್ಲಿ ಎಪ್ಪತ್ತೆಂಟು ವರ್ಷ ಬದುಕಿದೀನಿ. ನಾಲ್ಕು ಜನ ನನ್ನ ಮಾತು ಕೇಳ್ತಾರೆ ಅಂದ್ರೆ ಅದು ಸುಮ್ನೆ ಬಂದಿದ್ದಲ್ಲ."

"ಆ ನಾಲ್ಕು ಜನ ಕೇಳ್ತಾರೆ ಅಂತಾನೇ ಹೇಳ್ತಿರೋದು ನಾನು. ಒಂದು ಸಲ ಹೇಳು ಅವರಿಗೆ."

"ಏನಂತ?"

ಕ್ಲೀವನ್ ಕೆಜಾಯಾಳ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. "ಜಗಳ ನಿಮ್ದು, ಮೂಳೆ ನಂದು," ಎಂದ. ಆಮೇಲೆ ಮೆಲ್ಲಗೆ, "ಅಮ್ಮ, ನಾನೊಂದು ಹೇಳ್ಲಾ? ನನ್ನ ಹೆಂಡತಿ ಬಿಟ್ಟು ಹೋದಾಗ್ಲೂ ಊರು ಒಂದು ತಿಂಗಳು ಮಾತಾಡ್ತು. ಆಮೇಲೆ ಬೇರೆ ಯಾರೋ ಸಿಕ್ಕಿದ್ರು," ಎಂದ.

"ನೀನು ಗಂಡಸು," ಎಂದಳು ಅರ್ಲೀನ್.

ರಾತ್ರಿ ಪಾತ್ರೆ ಒರೆಸುತ್ತ ಕೆಜಾಯಾ ತಾಯಿಗೆ ಹೇಳಿದಳು. "ಅವಳು ಸಿಗೋಕೆ ಮುಂಚೆ ನಾನು ಎಷ್ಟು ಹುಡುಕಿದ್ದೆ ಗೊತ್ತಾ? ಫೋನಲ್ಲಿ ಜೋಡಿ ಹುಡುಕೋ ಆ್ಯಪಲ್ಲಿ ಎಂಬತ್ತು ಮೈಲಿ ಸುತ್ತಮುತ್ತ ಒಂಬತ್ತೇ ಜನ. ಇಬ್ರು ಕಪ್ಪು ಹುಡುಗೀರು ಬೇಡ ಅಂತ ಮೊದಲ ಸಾಲಲ್ಲೇ ಬರ್ದಿದ್ರು. ಒಬ್ಳು ಕ್ಲೀವನ್ ಮಾಮನ ನಾದಿನಿ ಮಗಳು. ಇನ್ನೊಬ್ಳು ಕತ್ತಲಾದ್ಮೇಲೆ ಕಾರಲ್ಲಿ ಮಾತ್ರ ಸಿಗ್ತೀನಿ ಅಂದ್ಲು. ಲವಾಂಡಾ ಮೊದಲ್ನೇ ದಿನಾನೇ ಹಗಲು ಹೊತ್ತು ಐಸ್‌ಕ್ರೀಮ್ ತಿನ್ನೋಕೆ ಬಂದ್ಲಮ್ಮ. ಎಲ್ಲರೆದುರಿಗೆ. ಗೆಳತಿ ಅಂದ್ಕೊಳ್ಳಲಿ ಬಿಡು ಅಂದ್ಲು."

ವರ್ನೀಟಾ ತಟ್ಟೆಗಳನ್ನು ಜೋಡಿಸುತ್ತ ನಿಂತಳು. ಕೈ ತೋರಿಸು ಅಂದದ್ದು ತಾನು ಎಂಬ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು. ಮಗಳಿಗೆ ಅದು ಗೊತ್ತಿತ್ತು. ಒಂದು ದಿನವೂ ಅವಳು ಅದನ್ನು ಎತ್ತಾಡಿರಲಿಲ್ಲ. ಅದೇ ತಾಯಿಗೆ ತಡೆಯಲಾಗದ್ದು.

*

ಈಸ್ಟರ್‌ಗೆ ಹಿಂದಿನ ಶನಿವಾರ ಜಡೆ ಹೆಣೆಯುವವರ ಪಾಲಿಗೆ ವರ್ಷದ ದೊಡ್ಡ ದಿನ. ಬೆಳಗಿನ ಐದಕ್ಕೆ ಸಲೂನಿನ ಬಾಗಿಲು ತೆರೆದರೆ ಮಕ್ಕಳು ಸಾಲುಗಟ್ಟಿ ಕೂರುತ್ತವೆ. ಮರುದಿನ ಹೊಸ ಬಟ್ಟೆ, ಹೊಸ ಜಡೆ, ಚರ್ಚಿನಲ್ಲಿ ಪದ್ಯ ಒಪ್ಪಿಸುವುದು. ಆ ಒಂದು ದಿನದ ದುಡಿಮೆಯಲ್ಲಿ ಲವಾಂಡಾಗೆ ಎರಡು ತಿಂಗಳ ಕುರ್ಚಿ ಬಾಡಿಗೆ ಹುಟ್ಟುತ್ತಿತ್ತು.

ಆ ಬುಧವಾರ ಶಾಲೆಯಿಂದ ಬಂದ ವರ್ನೀಟಾ ಬೂಟು ಬಿಚ್ಚದೆ ತಾಯಿಯ ಎದುರು ಕೂತಳು.

"ಅಮ್ಮ, ಶನಿವಾರ ನೀನು ಓಪಲ್ ಸಲೂನಿಗೆ ಹೋಗ್ಬೇಕು. ಲವಾಂಡಾ ಕುರ್ಚಿಲಿ ಕೂತ್ಕೋಬೇಕು. ಹತ್ತು ಗಂಟೆಗೆ, ಎಲ್ಲರೂ ಇರೋ ಹೊತ್ತಿಗೆ."

"ನಾನೊಬ್ಳು ಕೂತ್ರೆ ಏನಾಗುತ್ತೆ?"

"ನಿನಗೆ ಗೊತ್ತು ಏನಾಗುತ್ತೆ ಅಂತ. ನೀನು ಕೂತ್ರೆ ಥಿಯೊಡೋಸಿಯಾ ಬಾಯಿ ಮುಚ್ಕೋತಾಳೆ. ಉಳಿದೋರು ಮಕ್ಕಳನ್ನ ಕರ್ಕೊಂಡು ಬರ್ತಾರೆ. ಲವಾಂಡಾ ಊರು ಬಿಟ್ಟು ಹೋಗೋ ಮಾತಾಡ್ತಿದಾಳೆ ಅಮ್ಮ. ಅವಳು ಹೋದ್ರೆ ಕೆಜಾಯಾ ಏನಾಗ್ತಾಳೆ?"

ಅರ್ಲೀನ್ ಬಹಳ ಹೊತ್ತು ಟೇಬಲ್ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಟ್ಟು ಮಾಡಿದಳು. "ಬಾಯಲ್ಲಿ ಏನೂ ಹೇಳಲ್ಲ ನಾನು," ಎಂದಳು ಕೊನೆಗೆ. "ಕೂತ್ಕೋತೀನಿ ಅಷ್ಟೇ."

"ಅಷ್ಟೇ ಸಾಕು."

ಶನಿವಾರ ಒಂಬತ್ತಕ್ಕೆ ಅರ್ಲೀನ್ ತಲೆ ತೊಳೆದು ತಯಾರಾದಳು. ನೀಲಿ ಉಡುಪು, ಒಳ್ಳೆಯ ಬೂಟು. ಕೆಜಾಯಾ ಕಾರಿನ ತನಕ ಬಂದು ಅಜ್ಜಿಯ ಕೋಟಿನ ಗುಂಡಿ ಹಾಕಿದಳು, ಅವಳ ಕೆನ್ನೆಗೆ ಮುತ್ತಿಟ್ಟಳು. ಆ ಮುತ್ತಿನ ಭಾರ ಹೊತ್ತುಕೊಂಡೇ ಅರ್ಲೀನ್ ಮುಂದಿನ ಸೀಟಿನಲ್ಲಿ ಕೂತಂತೆ ವರ್ನೀಟಾಗೆ ಕಂಡಿತು.

ಬ್ರಾಡ್ ಸ್ಟ್ರೀಟಿಗೆ ಬಂದಾಗ ಸಲೂನಿನ ದೊಡ್ಡ ಗಾಜಿನ ಕಿಟಕಿ ಒಳಗಿನದನ್ನೆಲ್ಲ ತೋರಿಸುತ್ತಿತ್ತು. ನಾಲ್ಕು ಕುರ್ಚಿಗಳಲ್ಲಿ ಮೂರು ತುಂಬಿದ್ದವು. ಗೋಡೆಯುದ್ದಕ್ಕೂ ಹೆಂಗಸರು, ಮಡಿಲಲ್ಲಿ ಮಕ್ಕಳು. ಥಿಯೊಡೋಸಿಯಾ ಇದ್ದಳು. ಪಾದ್ರಿಯ ಹೆಂಡತಿಯೂ ಇದ್ದಳು. ನಾಲ್ಕನೆಯ ಕುರ್ಚಿಯ ಹಿಂದೆ ಲವಾಂಡಾ ಬಾಚಣಿಗೆಗಳನ್ನು ಒರೆಸಿ ಒರೆಸಿ ಜೋಡಿಸುತ್ತಿದ್ದಳು. ಕಾರು ನಿಧಾನವಾದದ್ದನ್ನು ನೋಡಿ ತಲೆ ಎತ್ತಿದಳು. ಅವಳ ಮುಖ ಅರಳಿತು.

"ಮುಂದೆ ಹೋಗು," ಎಂದಳು ಅರ್ಲೀನ್.

"ಅಮ್ಮ?"

"ಮುಂದೆ ಹೋಗು ಅಂದೆ. ನಿಲ್ಲಿಸ್ಬೇಡ."

ವರ್ನೀಟಾ ನಿಲ್ಲಿಸಬಹುದಿತ್ತು. ತಾಯಿಯನ್ನು ಕಾರಿನಲ್ಲೇ ಬಿಟ್ಟು ತಾನೇ ಒಳಗೆ ಹೋಗಿ ಆ ಕುರ್ಚಿಯಲ್ಲಿ ಕೂರಬಹುದಿತ್ತು. ಅವಳ ತಲೆಯಲ್ಲೂ ಕೂದಲಿತ್ತು. ಐವತ್ತನಾಲ್ಕು ವರ್ಷ ತಾಯಿ ಹೇಳಿದಂತೆ ಕೇಳಿದ ಕಾಲು ಈಗಲೂ ಕೇಳಿತು. ಕಾರು ಮುಂದೆ ಹೋಯಿತು. ಕನ್ನಡಿಯಲ್ಲಿ ನೋಡಿದಾಗ ಲವಾಂಡಾ ಕಿಟಕಿಯ ಹತ್ತಿರಕ್ಕೆ ಬಂದು ನಿಂತಿದ್ದಳು.

ಸೇತುವೆ ದಾಟಿ, ಒಂದು ಸುತ್ತು ಹಾಕಿ ಮನೆಗೆ ಬಂದರು. ಕೆಜಾಯಾ ಅಜ್ಜಿಯ ಹೆಣೆಯದ ತಲೆಯನ್ನು ನೋಡಿ ತನ್ನ ಕೋಣೆಗೆ ಹೋದಳು. ಭಾನುವಾರ ಅರ್ಲೀನ್ ದೊಡ್ಡ ಬಿಳಿ ಟೋಪಿ ಹಾಕಿಕೊಂಡು ಚರ್ಚಿಗೆ ಹೋದಳು. ಟೋಪಿ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು.

*

ಸೋಮವಾರ ಸಂಜೆ ಲವಾಂಡಾ ಬಂದಳು. ಮನೆಯೊಳಗೆ ಬರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಹತ್ತಿರ ಕೆಜಾಯಾ ಜೊತೆ ನಿಂತಳು. ಅಡುಗೆಮನೆಯ ಕಿಟಕಿಯ ಬಳಿ ಆಲೂಗಡ್ಡೆ ಹೆಚ್ಚುತ್ತಿದ್ದ ವರ್ನೀಟಾಗೆ ಮಾತೆಲ್ಲ ಕೇಳುತ್ತಿತ್ತು. ಕೇಳಬಾರದೆಂದು ಅಲ್ಲಿಂದ ಸರಿಯಲೂ ಅವಳಿಗೆ ಆಗಲಿಲ್ಲ.

"ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಕುರ್ಚಿ ಸಿಕ್ಕಿದೆ."

"ನಾನೂ ಬರ್ತೀನಿ. ಆಸ್ಪತ್ರೆಗಳು ಅಲ್ಲೂ ಇವೆ."

"ಬೇಡ."

"ಯಾಕೆ ಬೇಡ?"

"ಅಪ್ಪ ಫೋನ್ ಮಾಡಿದ್ರು. ಒಂದೇ ಒಂದು ಮಾತು ಕೇಳಿದ್ರು, ಆ ಕೈ ನಿಂದಾ ಅಂತ. ಹೌದು ಅಂದೆ. ಇಟ್ಬಿಟ್ರು." ಲವಾಂಡಾ ತಂತಿಯ ಮೇಲಿನ ಕ್ಲಿಪ್ಪೊಂದನ್ನು ತೆಗೆದು ಮತ್ತೆ ಹಾಕಿದಳು. "ನಿನ್ನ ಮೇಲೆ ಸಿಟ್ಟಿಲ್ಲ ನಂಗೆ. ನೀನು ಹೇಳ್ಬೇಕು ಅನ್ನಿಸಿದಾಗ ನಿನ್ನ ಬಾಯಿಂದ ಹೇಳ್ದೆ. ನಂಗೂ ಒಂದಿನ ಹಾಗೆ ಹೇಳೋ ಆಸೆ ಇತ್ತು ಕಣೇ. ಅಪ್ಪನ ಎದುರು ಕೂತು, ಕಾಫಿ ಕುಡೀತಾ. ಅದು ಹೋಯ್ತು. ನೀನು ಜೊತೇಲಿದ್ರೆ ದಿನಾ ಅದೇ ನೆನಪಾಗುತ್ತೆ."

"ಸ್ವಲ್ಪ ದಿನ ಆದ್ಮೇಲೆ?"

"ನಂಗೆ ಗೊತ್ತಿಲ್ಲ."

"ಫೋನ್ ಆದ್ರೂ ಮಾಡ್ತೀಯಾ?"

ಲವಾಂಡಾ ಏನು ಹೇಳಿದಳೋ ಕೇಳಲಿಲ್ಲ. ತಲೆ ಅಲ್ಲಾಡಿಸಿರಬೇಕು. ಹೋಗುವ ಮುಂಚೆ ಅವಳು ಕೆಜಾಯಾಳ ಹಣೆಯ ಹತ್ತಿರ ಬಿಚ್ಚಿಕೊಂಡಿದ್ದ ಒಂದು ಜಡೆಯನ್ನು ನಿಂತಲ್ಲೇ ಬಿಗಿಯಾಗಿ ಹೆಣೆದು ಹೋದಳು.

*

ಆಮೇಲೆ ಮನೆ ಶಾಂತವಾಯಿತು. ಅರ್ಲೀನ್ ಬಯಸಿದ್ದ ಹಾಗೆಯೇ, ಮನೆಯ ಮಾತು ಮನೆ ದಾಟಲಿಲ್ಲ. ಕೆಜಾಯಾ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ತನ್ನ ಪಾಲಿನ ಕೆಲಸ ಮಾಡುತ್ತಿದ್ದಳು. ಉಪ್ಪು ಸಾಕಾ ಅಂದರೆ "ಸಾಕು ಅಜ್ಜಿ." ಚರ್ಚಿಗೆ ಬರ್ತೀಯಾ ಅಂದರೆ "ಡ್ಯೂಟಿ ಇದೆ ಅಜ್ಜಿ." ಕ್ಲೀವನ್ ಎರಡು ಹಾಸ್ಯ ಹೇಳಿದರೆ ಒಂದಕ್ಕೆ ಲೆಕ್ಕಕ್ಕೆಂಬಂತೆ ನಗುತ್ತಿದ್ದಳು. ಜಡೆಗಳನ್ನು ಒಂದು ರಾತ್ರಿ ತಾನೇ ಕನ್ನಡಿಯ ಮುಂದೆ ಕೂತು ಬಿಚ್ಚಿ, ಕೂದಲನ್ನು ಗಿಡ್ಡ ಕತ್ತರಿಸಿಕೊಂಡಳು.

ಒಂದು ಭಾನುವಾರ ಅವಳು ಫೋನನ್ನು ತಾಯಿಯ ಕೈಗೆ ಕೊಟ್ಟಳು. "ಓದು."

ಮಿಸಿಸಿಪ್ಪಿಯ ಯಾವುದೋ ಊರಿನ ಹುಡುಗಿ, ಹದಿನಾರು ವರ್ಷ. ಆ ಆರು ನಿಮಿಷವನ್ನು ಹನ್ನೊಂದು ಸಲ ನೋಡಿದ್ದಾಳಂತೆ, ಬಚ್ಚಲಲ್ಲಿ ನೀರು ಬಿಟ್ಟುಕೊಂಡು, ಸದ್ದು ಕೇಳದ ಹಾಗೆ. ನಿಮ್ಮ ಹಾಗೆ ಅಡುಗೆಮನೆಯಲ್ಲಿ ನನಗೂ ಯಾರಾದರೂ ಜಡೆ ಹಾಕುವ ದಿನ ಬರುತ್ತದೆ ಅಂದುಕೊಂಡೆ, ಎಂದು ಬರೆದಿದ್ದಳು. ನೀವಿಬ್ಬರೂ ಈಗ ಹೇಗಿದ್ದೀರಿ ಎಂದು ಕೇಳಿದ್ದಳು.

"ಏನಂತ ಬರೀಲಿ ಹೇಳಮ್ಮ ಇದಕ್ಕೆ," ಎಂದಳು ಕೆಜಾಯಾ.

ವರ್ನೀಟಾ ಆ ಸಂದೇಶವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದಳು. ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದ ಅರ್ಲೀನ್ ಕೈ ನಿಲ್ಲಿಸಿದ್ದಳು. ಆ ರಾತ್ರಿ ಅವಳು ಮಗಳ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಳು. ಟೋಪಿಯ ಕೆಳಗೆ ಐದು ವಾರ ಮುಚ್ಚಿಟ್ಟ ಕೂದಲು ಸಿಕ್ಕುಸಿಕ್ಕಾಗಿತ್ತು.

"ನನ್ನ ತಲೆ ಕೆಟ್ಟುಹೋಗಿದೆ," ಎಂದಳು. "ಶನಿವಾರ ಬರ್ಮಿಂಗ್‌ಹ್ಯಾಮ್‌ಗೆ ಕರ್ಕೊಂಡು ಹೋಗ್ತೀಯಾ?"

*

ಎರಡು ಗಂಟೆಯ ದಾರಿ. ಅರ್ಲೀನ್ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡಿದ್ದಳು, ಟವೆಲಿನಲ್ಲಿ ಸುತ್ತಿ. ಕತ್ತಿನ ಮೂಳೆಯ ಸಾರು. ಕೆಜಾಯಾಗೆ ಡಾಕ್ಟರ ಹತ್ತಿರ ಹೋಗುತ್ತೇವೆ ಎಂದು ಹೇಳಿದ್ದರು.

ಆ ಸಲೂನು ದೊಡ್ಡದು. ಹತ್ತು ಕುರ್ಚಿ. ಒಳಗೆಲ್ಲ ಹಾಡಿನ ಸದ್ದು. ಇವರನ್ನು ಯಾರೂ ಗುರುತಿಸಲಿಲ್ಲ. ಲವಾಂಡಾ ಕಪ್ಪು ಏಪ್ರನ್ನು ಕಟ್ಟಿಕೊಂಡು ಬಂದವಳು ಇಬ್ಬರನ್ನೂ ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಕುರ್ಚಿಯನ್ನು ತಿರುಗಿಸಿದಳು.

"ಕೂತ್ಕೊಳ್ಳಿ ಮಿಸೆಸ್ ಪೆಟ್ವೇ."

ಯಾವಾಗಲೂ ಅಜ್ಜಿ ಎನ್ನುತ್ತಿದ್ದವಳ ಬಾಯಲ್ಲಿ ತಾಯಿಯ ಆ ಮನೆತನದ ಹೆಸರನ್ನು ವರ್ನೀಟಾ ಕೇಳಿದ್ದು ಅದೇ ಮೊದಲು.

ಸಿಕ್ಕು ಬಿಡಿಸುವುದಕ್ಕೇ ಒಂದು ಗಂಟೆ ಹಿಡಿಯಿತು. ಲವಾಂಡಾಳ ಕೈ ಎಂದಿನಂತೆ ಹಗುರವಾಗಿತ್ತು, ನೋವಾಗಲಿಲ್ಲ. ಮಾತು ಬೇಕಾದಷ್ಟೇ. ನೀರು ಬಿಸಿಯಾಯಿತೇ, ತಲೆ ಸ್ವಲ್ಪ ಬಗ್ಗಿಸಿ. ಅರ್ಲೀನ್ ಮಡಿಲಲ್ಲಿದ್ದ ಡಬ್ಬಿಯ ಟವೆಲನ್ನು ಸರಿಮಾಡಿದಳು.

"ಊಟಕ್ಕೆ ಏನು ಮಾಡ್ತೀಯ ಇಲ್ಲಿ?"

"ಪಕ್ಕದಲ್ಲಿ ಹೋಟ್ಲಿದೆ."

"ಸಾರು ತಂದಿದೀನಿ."

"ನಂದು ಊಟ ಆಯ್ತು ಮೇಡಂ."

ಹೆಣಿಗೆ ಅರ್ಧ ಮುಗಿದಿತ್ತು. ಅರ್ಲೀನ್ ಕನ್ನಡಿಯಲ್ಲಿ ಲವಾಂಡಾಳನ್ನು ನೋಡಿದಳು. "ತಾಯಂದಿರ ದಿನಕ್ಕೆ ಮನೇಲಿ ಅಡುಗೆ ಮಾಡ್ತೀನಿ. ಮುಂದಿನ ಭಾನುವಾರ. ಬಾ."

ಬೆರಳುಗಳು ನಿಂತವು. "ಯಾರಂತ ಬರ್ಲಿ?" ಎಂದಳು ಲವಾಂಡಾ. ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದಳು. "ನಿಮ್ಮ ಚರ್ಚಿನೋರು ಯಾರಾದ್ರೂ ಬಂದು ಇದ್ಯಾರು ಅಂದ್ರೆ, ಏನಂತೀರಿ?"

ಅರ್ಲೀನ್ ಬಾಯಿ ತೆರೆದಳು. ಪಕ್ಕದ ಕುರ್ಚಿಯ ಹೆಂಗಸು ಹೇರ್ ಡ್ರೈಯರ್ ಆರಿಸಿದ್ದರಿಂದ ಅಲ್ಲೊಂದು ನಿಶ್ಶಬ್ದ ಬಂದಿತ್ತು. ವರ್ನೀಟಾ ತಾಯಿಯ ತುಟಿಯನ್ನೇ ನೋಡಿದಳು. ತುಟಿ ಅಲುಗಿತು. ಪಕ್ಕದ ಹೆಂಗಸು ಇತ್ತ ನೋಡಿ ಸುಮ್ಮನೆ ನಕ್ಕಳು, ಅಪರಿಚಿತರು ನಗುವ ಹಾಗೆ. ಅರ್ಲೀನ್‌ಳ ಬಾಯಿ ಮುಚ್ಚಿತು.

ಲವಾಂಡಾ ಮತ್ತೆ ಬಾಚಣಿಗೆ ಎತ್ತಿಕೊಂಡಳು. "ತಲೆ ನೇರ ಇಟ್ಕೊಳ್ಳಿ," ಎಂದು ಉಳಿದ ಸಾಲುಗಳನ್ನು ಹೆಣೆದು ಮುಗಿಸಿದಳು. ಬಾಗಿಲ ತನಕ ಬಂದು ಮುದುಕಿಯ ಕೈ ಹಿಡಿದು ಮೆಟ್ಟಿಲಿಳಿಸಿದಳು. ಕೆಜಾಯಾ ಹೇಗಿದ್ದಾಳೆ ಎಂದು ಕೇಳಲಿಲ್ಲ. ಕೇಳದೆ ಇರುವುದಕ್ಕೆ ಅವಳು ಪಡುತ್ತಿದ್ದ ಕಷ್ಟ ಮಾತ್ರ ವರ್ನೀಟಾಗೆ ಕಂಡಿತು.

ಕ್ಲ್ಯಾಂಟನ್ ಊರಿನ ಪೀಚ್ ಹಣ್ಣಿನ ಅಂಗಡಿಗಳನ್ನು ದಾಟುವಾಗ ಅರ್ಲೀನ್ ಗಾಜಿನ ಕಡೆ ಮುಖ ಮಾಡಿಕೊಂಡು ಹೇಳಿದಳು.

"ನನ್ನ ಮೊಮ್ಮಗಳ ಹುಡುಗಿ. ಹಾಗನ್ನಬೇಕಾಗಿತ್ತು."

"ಕಾರು ತಿರುಗಿಸ್ಲಾ ಅಮ್ಮ?"

ಒಂದು ಮೈಲಿ ಹೋಯಿತು. "ಬೇಡ. ಅಲ್ಲಿ ಮತ್ತೆ ಬಾಯಿ ಕಟ್ಟುತ್ತೆ."

"ಹಾಗಾದ್ರೆ ಮನೇಲಿರೋಳಿಗೆ ಹೇಳು."

"ಹೇಳ್ತೀನಿ."

ಮನೆಗೆ ಬಂದಾಗ ಕೆಜಾಯಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕ್ಲೀವನ್ ಮೀನು ಹುರಿದು ಇಡೀ ಒಲೆಗೆ ಎಣ್ಣೆ ಹಾರಿಸಿದ್ದ. ಅರ್ಲೀನ್ ಕೋಟು ಬಿಚ್ಚದೆ, ಡಬ್ಬಿಯನ್ನು ಕೈಯಲ್ಲೇ ಹಿಡಿದು, ಮೊಮ್ಮಗಳ ಬೆನ್ನ ಹಿಂದೆ ನಿಂತಳು.

"ನಾವು ಡಾಕ್ಟರ ಹತ್ರ ಹೋಗಿರ್ಲಿಲ್ಲ," ಎಂದಳು. "ಲವಾಂಡಾ ಹತ್ರ ಹೋಗಿದ್ವಿ. ನಿನ್ನ ಹುಡುಗಿ ಹತ್ರ."

ಕೆಜಾಯಾ ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ. ಗಿಡ್ಡ ಕೂದಲಿನ ಕೆಳಗೆ ಅವಳ ಕತ್ತು ಚಿಕ್ಕ ಮಗುವಿನದರಂತೆ ಕಾಣುತ್ತಿತ್ತು.

"ಏನಂದೆ?"

"ನಿನ್ನ ಹುಡುಗಿ ಅಂದೆ."

"ಅವಳಿಗೆ ಹೇಳಿದ್ಯಾ ಅಜ್ಜಿ, ಇದನ್ನ?"

ಅರ್ಲೀನ್ ಡಬ್ಬಿಯನ್ನು ಟೇಬಲಿನ ಮೇಲೆ ಇಟ್ಟಳು. "ಇಲ್ಲ," ಎಂದಳು.

ಕೆಜಾಯಾ ತಲೆದೂಗಿದಳು, ಆಸ್ಪತ್ರೆಯಲ್ಲಿ ಯಾರಾದರೂ ತಮ್ಮ ಕಾಯಿಲೆಯ ಹೆಸರು ಹೇಳಿದಾಗ ತಲೆದೂಗುವ ಹಾಗೆ. ಆಮೇಲೆ ಮತ್ತೆ ನಲ್ಲಿ ಬಿಟ್ಟಳು. ವರ್ನೀಟಾ ಹೋಗಿ ಮಗಳ ಪಕ್ಕ ನಿಂತಳು. ಅವಳು ತೊಳೆದಿಟ್ಟ ತಟ್ಟೆಗಳನ್ನು ಒಂದೊಂದಾಗಿ ತೆಗೆದುಕೊಂಡು ಒರೆಸತೊಡಗಿದಳು.